ಆಮೆಯ ಚಿಪ್ಪಿಗೆ ಸೀಮೆಸುಣ್ಣವೇ?

ತುಮಕೂರಿನ ಶಾಲೆಯೊಂದರ ವಿಜ್ಞಾನ ವಸ್ತುಪ್ರದರ್ಶನಕ್ಕೆ ತೀರ್ಪುಗಾರನಾಗಿ ಹೋಗಿದ್ದೆ. ‘ಮನೆಯಲ್ಲಿ ಆಮೆ ಸಾಕುವುದು ಹೇಗೆ?’ ಎಂಬ ಪಟವೊಂದು ಎಲ್ಲರ ಗಮನ ಸೆಳೆದಿತ್ತು. ತೊಟ್ಟಿಗೆ ಹೊಳೆ ಮರಳು ಹಾಸಬೇಕು. ಚಿಪ್ಪು ಗಟ್ಟಿಯಾಗಲು ಸೀಮೆಸುಣ್ಣದ ಪುಡಿಯನ್ನೋ ಎಲೆಅಡಿಕೆಯ ಸುಣ್ಣವನ್ನೋ ಆಹಾರಕ್ಕೆ ಬೆರೆಸಬೇಕು. ಸೌತೆಕಾಯಿ, ಟೊಮೆಟೊ, ಅನ್ನ ಕೊಡಬೇಕು – ಇದು ಅದರ ಸಾರ. ಬರವಣಿಗೆ ಅಂದವಾಗಿತ್ತು. ನಾನೂ ಧಾರಾಳವಾಗಿ ಅಂಕ ಕೊಟ್ಟು ಬಂದೆ. ಮನೆಗೆ ಬಂದು ಯೋಚಿಸಿದಾಗ, ತಪ್ಪು ಮಕ್ಕಳಿಗಿಂತ ನನ್ನದೇ ಹೆಚ್ಚು ಎನಿಸಿತು. ಬಾಯಿಂದ ಬಾಯಿಗೆ ಹರಡುವ ಸಲಹೆಗಳನ್ನು ಮಕ್ಕಳು ಪಟಕ್ಕೆ ಏರಿಸಿದ್ದರು. ಅವನ್ನು ಪರೀಕ್ಷಿಸಬೇಕಾಗಿದ್ದವನು ನಾನು. ಆ ಕೆಲಸವನ್ನು ಈಗಲಾದರೂ ಮಾಡೋಣ.

ಯಾವ ಸುಣ್ಣ?

ಆಮೆಯ ಚಿಪ್ಪು ಬರಿಯ ಹೊದಿಕೆಯಲ್ಲ. ಬೆನ್ನುಮೂಳೆ, ಪಕ್ಕೆಲುಬುಗಳು ಬೆಸೆದುಕೊಂಡು ಆದ ಮೂಳೆಯ ಗೂಡು ಅದು. ಮೇಲೆ ಕೆರಾಟಿನ್ ಪದರವಿದೆ. ಆದ್ದರಿಂದ ಚಿಪ್ಪಿಗೆ ಕ್ಯಾಲ್ಸಿಯಂ ಬೇಕೆಂಬ ಮಾತು ಸರಿ. ಎಡವಿರುವುದು ‘ಸುಣ್ಣ’ ಎಂಬ ಪದದಲ್ಲಿ. ಎಲೆಅಡಿಕೆಯ ಸುಣ್ಣ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಅದು ಪ್ರಬಲ ಕ್ಷಾರ. ಆಮೆಯ ಬಾಯಿ, ಅನ್ನನಾಳಗಳನ್ನು ಸುಡುತ್ತದೆ. ನಾವು ಹಲಗೆಯ ಮೇಲೆ ಬರೆಯುವ ಸೀಮೆಸುಣ್ಣ ಬಹುಮಟ್ಟಿಗೆ ಜಿಪ್ಸಂ, ಅಂದರೆ ಕ್ಯಾಲ್ಸಿಯಂ ಸಲ್ಫೇಟ್. ಅದು ಆಹಾರವಾಗಿ ತಯಾರಾದ ವಸ್ತುವೇ ಅಲ್ಲ. ಆಮೆಗೆ ಸಲ್ಲುವುದು ಕ್ಯಾಲ್ಸಿಯಂ ಕಾರ್ಬೊನೇಟ್: ಚೆನ್ನಾಗಿ ಕುದಿಸಿ ಒಣಗಿಸಿ ನುಣ್ಣಗೆ ಪುಡಿ ಮಾಡಿದ ಮೊಟ್ಟೆಯ ಸಿಪ್ಪೆ, ಅಥವಾ ಗ್ರಂಧಿಗೆ ಅಂಗಡಿಯಲ್ಲಿ ಸಮುದ್ರದ ನೊರೆ ಎಂದು ಸಿಗುವ ಕಟಲ್ ಮೀನಿನ ಒಳಚಿಪ್ಪು.

ಇದನ್ನು ತರಗತಿಯಲ್ಲೇ ತೋರಿಸಬಹುದು. ಮೊಟ್ಟೆಯ ಸಿಪ್ಪೆಯ ಮೇಲೆ ನಿಂಬೆರಸ ಹಾಕಿದರೆ ಇಂಗಾಲದ ಡೈಆಕ್ಸೈಡ್ ಗುಳ್ಳೆಗಳು ಏಳುತ್ತವೆ. ಜಿಪ್ಸಂ ಸೀಮೆಸುಣ್ಣದ ಮೇಲೆ ಹಾಕಿದರೆ ಏಳುವುದಿಲ್ಲ. ಮಕ್ಕಳು ಈ ಪ್ರಯೋಗವನ್ನು ಮೊದಲೇ ಮಾಡಿದ್ದರೆ ಪಟದ ಆ ಸಾಲು ಬೇರೆಯೇ ಆಗುತ್ತಿತ್ತು.

ಕ್ಯಾಲ್ಸಿಯಂ ಒಂದೇ ಸಾಲದು

ಎರಡನೆಯ ದೋಷ ಆಹಾರದ ಪಟ್ಟಿಯಲ್ಲಿದೆ. ಆಮೆಯ ಆಹಾರದಲ್ಲಿ ರಂಜಕಕ್ಕಿಂತ ಕ್ಯಾಲ್ಸಿಯಂ ಸುಮಾರು ಎರಡು ಪಟ್ಟು ಇರಬೇಕು. ಸೌತೆಕಾಯಿ, ಅನ್ನಗಳಲ್ಲಿ ಈ ಲೆಕ್ಕ ತಿರುವುಮುರುವು. ರಂಜಕ ಹೆಚ್ಚಾಗಿ ರಕ್ತದಲ್ಲಿ ಕ್ಯಾಲ್ಸಿಯಂ ತಗ್ಗಿದಾಗ ಪ್ಯಾರಾಥೈರಾಯ್ಡ್ ಹಾರ್ಮೋನು ಮೂಳೆಯನ್ನೇ ಕರಗಿಸಿ ಆ ಕೊರತೆ ತುಂಬುತ್ತದೆ, ಚಿಪ್ಪು ಮೆತ್ತಗಾಗುತ್ತದೆ. ಕುದುರೆ ಫಾರಂನಿಂದ ಹೆಸರಾದ ಕುಣಿಗಲ್ಲಿನವರಿಗೆ ಇದನ್ನು ಬೇರೊಂದು ಉದಾಹರಣೆಯಿಂದ ಹೇಳಬಹುದು: ಬರೀ ಗೋಧಿ ಬೂಸಾ ತಿಂದ ಕುದುರೆಯ ಮುಖದ ಮೂಳೆ ಊದಿಕೊಳ್ಳುವ ರೋಗದ ಮೂಲವೂ ಇದೇ ಏರುಪೇರು.

ನಮ್ಮ ರಾಗಿಯ 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಹಾಗಾಗಿ ಮುದ್ದೆ ಕೊಡಬಹುದಲ್ಲ ಎಂದು ಯಾರಾದರೂ ಕೇಳಬಹುದು. ಆದರೆ ರಾಗಿಯಲ್ಲಿ ರಂಜಕವೂ ಸಾಕಷ್ಟಿದೆ. ಜೊತೆಗೆ ನಾರು ಅರಗಿಸುವ ನೆಲ ಆಮೆಯ ಕರುಳಿಗೆ ಅಷ್ಟು ಪಿಷ್ಟ ಒಗ್ಗದು. ಪಾಲಕ್ ಸೊಪ್ಪಿನ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಗರಿಕೆಯಂಥ ಹುಲ್ಲು, ಔಷಧಿ ಸಿಂಪಡಿಸದ ಹಿಪ್ಪುನೇರಳೆ ಮತ್ತು ದಾಸವಾಳದ ಎಲೆ, ಮಿತವಾಗಿ ನುಗ್ಗೆ ಸೊಪ್ಪು ಮೇಲು.

ಇಷ್ಟಾದರೂ ಬಿಸಿಲಿಲ್ಲದೆ ಪ್ರಯೋಜನವಿಲ್ಲ. ಕರುಳು ಕ್ಯಾಲ್ಸಿಯಂ ಹೀರಲು ವಿಟಮಿನ್ ಡಿ-3 ಬೇಕು; ಅದು ಚರ್ಮದಲ್ಲಿ ತಯಾರಾಗಲು ಸುಮಾರು 290ರಿಂದ 315 ನ್ಯಾನೊಮೀಟರ್ ಅಲೆಯುದ್ದದ ಅತಿನೇರಳೆ ಕಿರಣ ಬೇಕು. ಕಿಟಕಿಯ ಗಾಜು ಈ ಕಿರಣಗಳನ್ನು ತಡೆಯುತ್ತದೆ. ಪಟದಲ್ಲಿ ಬಿಸಿಲಿನ ಮಾತೇ ಇರಲಿಲ್ಲ.

ನೆಲಹಾಸು

ಮೂರನೆಯದು ಮರಳು. ಕ್ಯಾಲ್ಸಿಯಂ ಕೊರತೆಯಿರುವ ಆಮೆ ಮಣ್ಣು, ಕಲ್ಲು ತಿನ್ನಲು ತೊಡಗುತ್ತದೆ. ನುಂಗಿದ ಮರಳು ಕರುಳಿನಲ್ಲಿ ಗಟ್ಟಿಕಟ್ಟುತ್ತದೆ. ಅಂದರೆ ಆಹಾರದ ತಪ್ಪು ಹಾಸಿನ ತಪ್ಪನ್ನು ಇನ್ನಷ್ಟು ಅಪಾಯಕಾರಿಯಾಗಿಸುತ್ತದೆ. ಮೊಸಾಯಿಕ್ ನೆಲದಲ್ಲಿ ಕಾಲು ಜಾರುತ್ತದೆ. ಮರಗೆಲಸದ ಹೊಟ್ಟಿನಲ್ಲಿ ಧೂಳು, ಅಂಟು ಇರುತ್ತವೆ. ತೆಂಗಿನ ಸೀಮೆಯಾದ ಗುಬ್ಬಿಯಲ್ಲಿ ಸುಲಭವಾಗಿ ದೊರೆಯುವ ನಾರಿನ ಪುಡಿಯನ್ನು ಶುದ್ಧ ಮಣ್ಣಿನೊಂದಿಗೆ ಬೆರೆಸಿದರೆ ಒಳ್ಳೆಯ ಹಾಸು. ಆದರೆ ಅದು ತೂಕದ ಹಲವು ಪಟ್ಟು ನೀರು ಹಿಡಿಯುತ್ತದೆ. ಸದಾ ಒದ್ದೆಯಾಗಿದ್ದರೆ ಚಿಪ್ಪು ಕೊಳೆಯುತ್ತದೆ. ಪೂರ್ತಿ ಒಣಗಿಸುವುದೂ ಸಲ್ಲದು. ಆಫ್ರಿಕಾದ ಸಲ್ಕಾಟಾ ಆಮೆಮರಿಗಳ ಮೇಲೆ ವೀಸ್ನರ್ ಮತ್ತು ಈಬೆನ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿಪ್ಪು ಗೋಪುರದಂತೆ ಉಬ್ಬುವುದಕ್ಕೆ ಆಹಾರದ ಪ್ರೋಟೀನಿಗಿಂತ ಒಣ ಹವೆಯೇ ಹೆಚ್ಚು ಕಾರಣವೆಂದು ಕಂಡುಬಂತು. ಉಬ್ಬು ಕಂಡ ಕೂಡಲೇ ಸುಣ್ಣ ತಿನ್ನಿಸುವುದು ಅವೈಜ್ಞಾನಿಕ. ನಮ್ಮ ನಕ್ಷತ್ರ ಆಮೆಗಂತೂ ಉಬ್ಬು ಸ್ವಲ್ಪಮಟ್ಟಿಗೆ ಸಹಜ.

ಬಿಟ್ಟುಹೋದ ಪ್ರಶ್ನೆ

ಇವೆಲ್ಲಕ್ಕಿಂತ ದೊಡ್ಡ ಲೋಪ ಇನ್ನೊಂದಿದೆ. ಯಾವ ಆಮೆ ಎಂದು ಪಟ ಹೇಳಲೇ ಇಲ್ಲ. ಅಲ್ಲಿದ್ದ ಚಿತ್ರ ನಕ್ಷತ್ರ ಆಮೆಯದು. ಅದು ನಮ್ಮ ಕುರುಚಲು ಕಾಡಿನ ವನ್ಯಜೀವಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಅದನ್ನು ಮೊದಲನೆಯ ಅನುಸೂಚಿಗೆ ಏರಿಸಿದೆ. 2019ರಲ್ಲಿ ಸೈಟ್ಸ್ ಒಪ್ಪಂದದ ಮೊದಲನೆಯ ಅನುಬಂಧಕ್ಕೂ ಅದು ಸೇರಿತು. ಮನೆಯಲ್ಲಿ ಸಾಕುವುದು ಅಪರಾಧ. ಸಲ್ಕಾಟಾದಂಥ ವಿದೇಶಿ ಆಮೆ ಇಟ್ಟುಕೊಂಡವರೂ 2024ರ ನಿಯಮಗಳಂತೆ ನೋಂದಣಿ ಮಾಡಿಸಬೇಕು.

ಹಾಗೆಂದು ಮನೆಯಲ್ಲಿರುವ ನಕ್ಷತ್ರ ಆಮೆಯನ್ನು ದೇವರಾಯನದುರ್ಗದ ಕಾಡಿಗೆ ಬಿಟ್ಟುಬರುವುದು ಪರಿಹಾರವಲ್ಲ. ಅದರ ಮೂಲ ನೆಲೆ ಯಾವುದೋ, ಅದಕ್ಕೆ ಯಾವ ಸೋಂಕು ಅಂಟಿದೆಯೋ ಗೊತ್ತಿಲ್ಲ. 2018ರ ನವೆಂಬರಿನಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳು ಕರ್ನಾಟಕಕ್ಕೆ ಮರಳಿದಾಗಲೂ ಅವನ್ನು ನೇರವಾಗಿ ಕಾಡಿಗೆ ಬಿಡಲಿಲ್ಲ, ಮೊದಲು ಆರೈಕೆಯಲ್ಲಿಟ್ಟರು. ನಮ್ಮ ಗಮನಕ್ಕೆ ಅಂಥ ಆಮೆ ಬಂದರೆ ಹತ್ತಿರದ ವಲಯ ಅರಣ್ಯ ಕಚೇರಿಗೆ ತಿಳಿಸುವುದೇ ದಾರಿ.

ಮುಂದಿನ ಬಾರಿ ಇಂಥ ಪಟ ಎದುರಾದರೆ ಅಂಕ ಬರೆಯುವ ಮುನ್ನ ಮಕ್ಕಳಿಗೆ ಮೂರು ಪ್ರಶ್ನೆ ಕೇಳಬೇಕೆಂದಿದ್ದೇನೆ: ಇದು ಯಾವ ಆಮೆ? ಇದು ಯಾವ ಸುಣ್ಣ? ಇದನ್ನು ನೀವು ಪರೀಕ್ಷಿಸಿ ನೋಡಿದಿರಾ? ಶಿಕ್ಷಕ ಮಿತ್ರರೂ ಕೇಳಿ ನೋಡಲಿ.