ದಂಡ ಕಟ್ಟಿ ಮುಗಿಸಲಾಗದ ಒಂದು ತಪ್ಪು

ವೀಡಿಯೋ ಗೇಮ್ ಎಂದಾಕ್ಷಣ ಹಿರಿಯರ ಹುಬ್ಬು ಗಂಟಿಕ್ಕುತ್ತದೆ. ಸಮಯ ಹಾಳು, ಕಣ್ಣು ಹಾಳು, ಮನಸ್ಸೂ ಹಾಳು ಎಂಬ ದೂರು ಹಳೆಯದು. ಅದರಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಆದರೆ ಕೋಟ್ಯಂತರ ಯುವಕರು ಇಂದು ದೀರ್ಘ ಕಥೆಗಳನ್ನು ಅನುಭವಿಸುತ್ತಿರುವುದು ಈ ಆಟಗಳಲ್ಲೇ. ಕಾದಂಬರಿ, ಸಿನಿಮಾಗಳನ್ನು ತೂಗಿ ನೋಡುವ ನಾವು ಈ ಕಥೆಗಳನ್ನು ಮಾತ್ರ ಓದದೆಯೇ ತೀರ್ಪು ಕೊಡುವುದು ಸರಿಯೇ?

‘ಓಪನ್ ವರ್ಲ್ಡ್’ ಎನಿಸಿಕೊಂಡ ಆಟಗಳಲ್ಲಿ ಇಡೀ ಒಂದು ನಗರ ಅಥವಾ ನಾಡು ಆಟಗಾರನ ಮುಂದೆ ತೆರೆದುಕೊಳ್ಳುತ್ತದೆ. ಕಥೆಯ ದಾರಿ ಹಿಡಿಯಬಹುದು. ಅದನ್ನು ಬಿಟ್ಟು ಮನ ಬಂದಂತೆ ಅಲೆಯಲೂಬಹುದು. ಕಥೆಗಾರನಿಗೆ ತೊಡಕಾಗುವುದು ಈ ಸ್ವಾತಂತ್ರ್ಯವೇ. ರಾಕ್‌ಸ್ಟಾರ್ ಗೇಮ್ಸ್ 2008ರಲ್ಲಿ ಹೊರತಂದ ‘ಗ್ರ್ಯಾಂಡ್ ಥೆಫ್ಟ್ ಆಟೊ 4’ರ ನಾಯಕ ನಿಕೊ ಬೆಲಿಕ್, ಯುದ್ಧದ ನೆನಪುಗಳಿಂದ ಜರ್ಜರಿತನಾಗಿ ಪೂರ್ವ ಯುರೋಪಿನಿಂದ ಅಮೆರಿಕಕ್ಕೆ ಬಂದ ವಲಸಿಗ. ಕಥೆಯ ದೃಶ್ಯಗಳಲ್ಲಿ ಅವನು ಕೊಂದವರ ಭಾರ ಹೊತ್ತು ನರಳುತ್ತಾನೆ. ದೃಶ್ಯ ಮುಗಿದೊಡನೆ ಅದೇ ನಿಕೊ, ಆಟಗಾರ ಬಯಸಿದರೆ, ಪಾದಚಾರಿಗಳ ಮೇಲೆ ಕಾರು ಹತ್ತಿಸಿ ಮುಂದೆ ಸಾಗುತ್ತಾನೆ. ಇಬ್ಬರಲ್ಲಿ ನಿಜವಾದ ನಿಕೊ ಯಾರು? ಆಟದಲ್ಲಿ ಇದಕ್ಕೆ ಉತ್ತರವಿಲ್ಲ.

ಹತ್ತು ವರ್ಷಗಳ ಬಳಿಕ, 2018ರಲ್ಲಿ, ಅದೇ ಸಂಸ್ಥೆ ‘ರೆಡ್ ಡೆಡ್ ರಿಡೆಂಪ್ಷನ್ 2’ ಮೂಲಕ ಈ ಬಿರುಕನ್ನು ಮುಚ್ಚಲು ಯತ್ನಿಸಿತು. ಕಥೆ ನಡೆಯುವುದು 1899ರ ಅಮೆರಿಕದಲ್ಲಿ. ನಾಯಕ ಆರ್ಥರ್ ಮೋರ್ಗನ್, ಡಚ್ ಎಂಬವನ ದರೋಡೆ ತಂಡದ ಬಲಗೈ ಬಂಟ. ಆಟ ಇವನ ನಡತೆಗೆ ‘ಮರ್ಯಾದೆ’ಯ ಅಳತೆಗೋಲೊಂದನ್ನು ಇಟ್ಟಿದೆ. ಅಮಾಯಕನನ್ನು ಕೊಂದರೆ ಮುಳ್ಳು ಕೆಳಗಿಳಿಯುತ್ತದೆ. ದಾರಿಹೋಕರಿಗೆ ನಮಸ್ಕರಿಸಿದರೆ, ಹಿಡಿದ ಮೀನನ್ನು ಮರಳಿ ನೀರಿಗೆ ಬಿಟ್ಟರೆ ಮೇಲೇರುತ್ತದೆ. ಮರ್ಯಾದೆ ಹೆಚ್ಚಿದರೆ ಅಂಗಡಿಗಳಲ್ಲಿ ರಿಯಾಯಿತಿಯೂ ಸಿಗುತ್ತದೆ! ತಲೆಯ ಮೇಲೆ ಬಹುಮಾನ ಘೋಷಣೆಯಾಗಿದ್ದರೆ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಮುಗಿಸಬಹುದು. ಇದನ್ನು ನೈತಿಕತೆ ಎನ್ನಬೇಕೋ ಕಿರಾಣಿ ಅಂಗಡಿಯ ಖಾತೆ ಎನ್ನಬೇಕೋ? ಬೆಳಿಗ್ಗೆ ಕೊಂದು ಸಂಜೆಯವರೆಗೆ ನಮಸ್ಕರಿಸುತ್ತಾ ಹೋದರೆ ಲೆಕ್ಕ ಸರಿದೂಗುತ್ತದೆ ಎಂಬ ಪಾಠ ಯಾವ ಶೀಲವನ್ನೂ ಕಟ್ಟದು.

ಆದರೆ ಇದೇ ಆಟದಲ್ಲಿ ಖಾತೆಗೆ ಸಿಗದ ಒಂದು ತಪ್ಪಿದೆ. ತಂಡದ ಸ್ಟ್ರಾಸ್ ಎಂಬವನು ಕಷ್ಟದಲ್ಲಿರುವವರನ್ನು ಹುಡುಕಿ ಬಡ್ಡಿ ಸಾಲ ಕೊಡುತ್ತಾನೆ. ವಸೂಲಿ ಆರ್ಥರ್‌ನ ಕೆಲಸ. ಸಾಲಗಾರರಲ್ಲಿ ಥಾಮಸ್ ಡೌನ್ಸ್ ಒಬ್ಬ ಬಡ ರೈತ, ರೋಗಿ. ಬೀದಿಯ ಹೊಡೆದಾಟವೊಂದರಲ್ಲಿ ಆರ್ಥರ್‌ನ ಕೈ ತಡೆದು ಇನ್ನೊಬ್ಬನ ಜೀವ ಉಳಿಸಿದವನೂ ಇವನೇ. ಆರ್ಥರ್ ಅವನನ್ನು ಅವನ ಹೊಲದಲ್ಲೇ ಬಡಿಯುತ್ತಾನೆ. ಆ ಕೆಮ್ಮಿನ ರಕ್ತ ಇವನ ಮುಖಕ್ಕೆ ಸಿಡಿಯುತ್ತದೆ. ಡೌನ್ಸ್ ಸಾಯುತ್ತಾನೆ, ಬಹಳ ಕಾಲದ ನಂತರ ಆರ್ಥರ್‌ಗೆ ಕ್ಷಯ ಇರುವುದು ಗೊತ್ತಾಗುತ್ತದೆ. ಕ್ಷಯದ ರೋಗಾಣುವನ್ನು ರಾಬರ್ಟ್ ಕಾಕ್ 1882ರಲ್ಲೇ ಗುರುತಿಸಿದ್ದರೂ ಅದನ್ನು ಗುಣಪಡಿಸುವ ಔಷಧಿ ಬಂದದ್ದು 1940ರ ದಶಕದಲ್ಲಿ. ಅಂದರೆ 1899ರ ಆರ್ಥರ್‌ಗೆ ದಾರಿಯೇ ಇಲ್ಲ. ಮರ್ಯಾದೆಯ ಮುಳ್ಳು ಎಷ್ಟೇ ಏರಲಿ, ಸಾವು ತಪ್ಪದು. ಸಾಯುವ ರೀತಿಯಷ್ಟೇ ಬದಲಾಗುತ್ತದೆ.

ಆರ್ಥರ್ ಒಂದು ಪಾತ್ರವಾಗಿ ಮನಸ್ಸಿನಲ್ಲಿ ಉಳಿಯುವುದು ಇಲ್ಲಿ. ಎಲ್ಲವನ್ನೂ ಸರಿಪಡಿಸಬಹುದಾದ ಜಗತ್ತಿನಲ್ಲಿ ಸರಿಪಡಿಸಲಾಗದ ಒಂದು ಕೃತ್ಯ ಅವನಿಗೆ ತೂಕ ತಂದುಕೊಟ್ಟಿದೆ. ಗಮನಿಸಬೇಕಾದ ಮಾತೆಂದರೆ, ಆ ವಸೂಲಿಯನ್ನು ನಿರಾಕರಿಸುವ ಸ್ವಾತಂತ್ರ್ಯ ಆಟಗಾರನಿಗಿಲ್ಲ. ಅದನ್ನು ಮಾಡದೆ ಕಥೆ ಮುಂದೆ ಸಾಗದು. ಆಯ್ಕೆಯೇ ಇಲ್ಲದ ಮೇಲೆ ಪಾಪಪ್ರಜ್ಞೆ ಯಾರದು ಎಂದು ಕೇಳಬಹುದು. ಈ ಆಕ್ಷೇಪ ನ್ಯಾಯವಾದದ್ದೇ. ಕೊಡಬಹುದಾದ ಉತ್ತರ ಇಷ್ಟು: ಹಿಂದಿನದು ಆರ್ಥರ್‌ನದು, ಮುಂದಿನದು ಆಟಗಾರನದು. ಬೀದಿಪಾಲಾದ ಡೌನ್ಸ್‌ನ ವಿಧವೆ ಮತ್ತು ಮಗನಿಗೆ ನೆರವಾಗುವುದು, ಉಳಿದ ಸಾಲಗಾರರ ಸಾಲ ಮನ್ನಾ ಮಾಡುವುದು ಕಡ್ಡಾಯವಲ್ಲ. ಯಾರೂ ಒತ್ತಾಯಿಸದಿದ್ದಾಗ ಆ ಮನೆಯತ್ತ ಕುದುರೆ ತಿರುಗಿಸುತ್ತೀರಾ ಎಂಬುದೇ ನಿಜವಾದ ಪರೀಕ್ಷೆ.

ಕೊರತೆಯೂ ಇಲ್ಲದಿಲ್ಲ. ವಿಧವೆ ಎಡಿತ್‌ಳ ಸಂಕಟ ಆರ್ಥರ್‌ನ ಪಶ್ಚಾತ್ತಾಪಕ್ಕೆ ಮೆಟ್ಟಿಲಾಗಿಯೇ ಉಳಿಯುತ್ತದೆ. ಗಂಡನನ್ನು ಕಳಕೊಂಡವಳು ಅವಳು, ನಾವು ಮರುಗುವುದು ಕೊಂದವನಿಗಾಗಿ! ನೊಂದವರ ಕಣ್ಣಿನಿಂದ ಈ ಕಥೆ ಹೇಗೆ ಕಂಡೀತು ಎಂದು ಆಟ ಕೇಳುವುದೇ ಇಲ್ಲ.

ಯುರೋಪಿನ ವರ್ಗೀಕರಣದಂತೆ ಈ ಆಟ 18 ತುಂಬಿದವರಿಗೆ ಮಾತ್ರ. ಆ ಎಚ್ಚರಿಕೆ ನಮ್ಮ ಮನೆಗಳಲ್ಲೂ ಇರಬೇಕು. ಬೆಳೆದ ಮಗನೊಬ್ಬ ಇದನ್ನು ಆಡಿ ಎದ್ದರೆ, ಎಷ್ಟು ಗಂಟೆ ಹಾಳು ಮಾಡಿದೆ ಎಂದು ಗದರುವುದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳೋಣ: ಆ ವಿಧವೆಯ ಬಳಿ ಹೋದೆಯಾ?