ಗುರುದತ್ ಇಲ್ಲದ ಮೂರ್ತಿ

ಛಾಯಾಗ್ರಾಹಕ ವಿ.ಕೆ. ಮೂರ್ತಿಯವರ ಬಗ್ಗೆ ಬರೆಯುವವರೆಲ್ಲ ಒಂದೇ ಬೆಳಕಿನ ಕೋಲಿನ ಎದುರು ನಿಂತುಬಿಡುತ್ತಾರೆ. 1959ರ ‘ಕಾಗಜ್ ಕೆ ಫೂಲ್’ನ ಖಾಲಿ ಸ್ಟುಡಿಯೋ, ಮೇಲಿಂದ ಓರೆಯಾಗಿ ಇಳಿಯುವ ಬೆಳಕು, ವಹೀದಾ, ಗುರುದತ್. ಹೊರಗಿನ ಬಿಸಿಲನ್ನು ಕನ್ನಡಿ ಹಿಡಿದು ಒಳಗೆ ತಂದ ಕತೆ ಈಗ ಬಾಯಿಪಾಠ. ನನಗೂ ಆ ದೃಶ್ಯ ಇಷ್ಟವೇ. ಆದರೆ 1990ರ ದಶಕದವರೆಗೂ ದುಡಿದವರೊಬ್ಬರ ವೃತ್ತಿಯನ್ನು ಹತ್ತು ವರ್ಷಕ್ಕೆ ಮುಗಿಸಿ, ಉಳಿದದ್ದನ್ನು ‘ಆಮೇಲೆ ಬಣ್ಣದ ಚಿತ್ರಗಳನ್ನು ಮಾಡಿದರು’ ಎಂಬ ಒಂದು ಸಾಲಿಗೆ ಇಳಿಸುವುದು ಸರಿಯೇ?

ಆ ಹತ್ತು ವರ್ಷ ದೊಡ್ಡದು, ಅನುಮಾನವಿಲ್ಲ. ಮೈಸೂರಿನ ಹುಡುಗ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕಲಿತು ಮುಂಬೈ ಸೇರಿದವರು. 1951ರ ‘ಬಾಜಿ’ಯಲ್ಲಿ ಇನ್ನೂ ಸಹಾಯಕ. ಅಲ್ಲಿ ಕೈಚಳಕ ಕಂಡ ಗುರುದತ್ ಮುಂದಿನ ‘ಜಾಲ್’ಗೆ ಕ್ಯಾಮೆರಾವನ್ನೇ ಒಪ್ಪಿಸಿದರು. ‘ಸಾಹಿಬ್ ಬೀಬಿ ಔರ್ ಗುಲಾಮ್’ನ ಮುಜ್ರಾ ಹಾಡೊಂದನ್ನು ನೋಡಿ: ಮುಖ್ಯ ನರ್ತಕಿಗೆ ಮಾತ್ರ ಬೆಳಕು, ಸುತ್ತ ಕುಣಿಯುವವರೆಲ್ಲ ನೆರಳು. ಜಮೀನ್ದಾರರ ಕಣ್ಣಿಗೆ ಆ ಹೆಣ್ಣುಗಳಿಗೆ ಮುಖವೇ ಇಲ್ಲ ಎಂಬುದನ್ನು ಸಂಭಾಷಣೆಯಲ್ಲ, ಲೈಟಿಂಗ್ ಹೇಳುತ್ತದೆ.

1964ರಲ್ಲಿ ಗುರುದತ್ ತೀರಿಕೊಂಡರು. ಮೂರ್ತಿ ಪ್ರಮೋದ್ ಚಕ್ರವರ್ತಿಯವರ ‘ಲವ್ ಇನ್ ಟೋಕಿಯೊ’, ‘ನಯಾ ಜಮಾನಾ’, ‘ಜುಗ್ನು’ ಚಿತ್ರಗಳತ್ತ ನಡೆದರು. ಸುಳ್ಳೇಕೆ, ಈ ಚಿತ್ರಗಳ ಬೆಳಕು ನನಗೆ ಚಪ್ಪಟೆಯಾಗಿಯೇ ಕಾಣುತ್ತದೆ. ಅಂದಿನ ಬಣ್ಣದ ಫಿಲ್ಮಿಗೆ ಬೆಳಕು ಸುರಿಯಬೇಕಿತ್ತು. ತಾರೆಯ ಮುಖದ ಮೇಲೆ ನೆರಳು ಬಿದ್ದರೆ ಯಾರೂ ಸಹಿಸುತ್ತಿರಲಿಲ್ಲ. ಆದರೆ ಇದನ್ನು ಮೂರ್ತಿಯವರ ಪತನ ಎನ್ನುವವರು ಒಂದು ಮಾತು ಮರೆಯುತ್ತಾರೆ. ಕವಿಗೆ ಕಾಗದ ಸಾಕು. ಛಾಯಾಗ್ರಾಹಕನಿಗೆ, ಲೈಟು ಜೋಡಿಸುವ ತನಕ ಕಾಯಬಲ್ಲ ನಿರ್ದೇಶಕ ಬೇಕು. ಅಂಥವನಿಲ್ಲದಾಗ ಅವನು ಮನೆಯಲ್ಲಿ ಕೂರಬೇಕಿತ್ತೇ?

ಇನ್ನೂ ಒಂದಿದೆ. ಅದೇ ಪಾಲಿಟೆಕ್ನಿಕ್‌ನಲ್ಲಿ 1962ರಲ್ಲಿ ಓದು ಮುಗಿಸಿದ ಗೋವಿಂದ ನಿಹಲಾನಿ ಬಂದು ಸೇರಿದ್ದು ಮೂರ್ತಿಯವರ ಬಳಿಗೇ. ನಾವು ‘ಬರಡು’ ಎಂದು ದಾಟಿಸುವ ವರ್ಷಗಳಲ್ಲೇ ಆ ಶಿಷ್ಯವೃತ್ತಿ ನಡೆಯಿತು. ಮುಂದೆ ನಿಹಲಾನಿ ಶ್ಯಾಮ್ ಬೆನಗಲ್‌ರ ‘ಅಂಕುರ್’, ‘ಮಂಥನ್’ಗಳಿಗೆ ಕ್ಯಾಮೆರಾ ಹಿಡಿದರು. ಹೊಸ ಅಲೆಯ ಸಿನಿಮಾ ವ್ಯಾಪಾರಿ ಸಿನಿಮಾಕ್ಕೆ ಬೆನ್ನು ತಿರುಗಿಸಿ ಹುಟ್ಟಿತು ಅನ್ನುತ್ತೇವಲ್ಲ, ಅದರ ಕಣ್ಣು ಪಳಗಿದ್ದು ಇಂಥ ಸೆಟ್ಟುಗಳಲ್ಲಿ.

ಶಿಷ್ಯನ ನಂತರ ಗುರು. 1988ರಲ್ಲಿ ದೂರದರ್ಶನಕ್ಕಾಗಿ ಬೆನಗಲ್ ತೆಗೆದ 53 ಕಂತುಗಳ ‘ಭಾರತ್ ಏಕ್ ಖೋಜ್’ಗೆ ಮೂರ್ತಿ ಛಾಯಾಗ್ರಾಹಕರಾದರು. ಸಿನಿಮಾಸ್ಕೋಪಿನ ಅಗಲದಲ್ಲಿ ಭಾರತದ ಮೊದಲ ಚಿತ್ರ ತೆಗೆದವರು, ಅರವತ್ತು ದಾಟಿದ ಮೇಲೆ ನಡುಮನೆಯ ಪೆಟ್ಟಿಗೆಗೆ! ವಾರಕ್ಕೊಂದು ಕಾಲ, ಇಂದು ವೇದ, ನಾಳೆ ಮೊಗಲರು. ನನ್ನ ಮಟ್ಟಿಗೆ ಅವರ ಕಸುಬಿನ ಗಟ್ಟಿತನ ತಿಳಿಯಲು ಆ ಬೆಳಕಿನ ಕೋಲಿಗಿಂತ ಈ ಧಾರಾವಾಹಿಯೇ ಒಳ್ಳೆಯ ಪರೀಕ್ಷೆ.

2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಬಂದಾಗ, ಆ ಗೌರವ ಪಡೆದ ಮೊದಲ ಛಾಯಾಗ್ರಾಹಕ ಅವರೇ. ನಾವು ಹೆಮ್ಮೆಪಟ್ಟೆವು, ಮತ್ತೆ ಗುರುದತ್‌ರನ್ನೇ ನೆನೆದೆವು. ಕನ್ನಡದಲ್ಲೂ ಅವರು 1993ರ ‘ಹೂವು ಹಣ್ಣು’ ತೆಗೆದಿದ್ದಾರೆ. ಆ ಚಿತ್ರದ ಮಾತು ಬಂದರೆ ತ್ರಿವೇಣಿಯವರ ಕಾದಂಬರಿ, ಲಕ್ಷ್ಮಿಯವರ ಅಭಿನಯ, ರಾಜೇಂದ್ರಸಿಂಗ್ ಬಾಬು ಅವರ ನಿರ್ದೇಶನ ಎನ್ನುತ್ತೇವೆ. ಕ್ಯಾಮೆರಾ ಯಾರದೆಂದು ನಾನು ಕೇಳಿದವರಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ.