ಕುಸಿತದ ಸುದ್ದಿ ಮೊದಲು ಯಾರಿಗೆ?

ರಾಯಚೂರಿನಲ್ಲಿ ಅರ್ಥಶಾಸ್ತ್ರದ ಮಿತ್ರರೊಬ್ಬರು ನಮ್ಮ ರಾಷ್ಟ್ರೋತ್ಪನ್ನದ ಕೋಷ್ಟಕ ತೋರಿಸಿ, ಏರಿಳಿತವೆಂಬುದು ಒಂದು ಚಕ್ರವೆಂದರು. 1965-66, 1972-73, 1979-80: ಮೂರು ಕುಸಿತಗಳೂ ಮಳೆ ಕೈಕೊಟ್ಟ ವರ್ಷಗಳವು, ಕಡೆಯದಕ್ಕೆ ತೈಲದ ಬೆಲೆಯೂ ಕೂಡಿತ್ತು. ಚಕ್ರವೆಂಬ ಉಪಮೆ ನನಗೆ ಒಪ್ಪಿಗೆಯಾಗಲಿಲ್ಲ. ಚಕ್ರವಾದರೆ ಕೆಳಗಿದ್ದುದು ಮೇಲಕ್ಕೆ ಬರಲೇಬೇಕಷ್ಟೆ! 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದ ಮೇಲೆ ಎಡದಂಡೆ ಕಾಲುವೆಯಿಂದ ಮಾನ್ವಿಯ ಹೊಲಗಳು ಗದ್ದೆಗಳಾದವು. ನೆರೆಯ ದೇವದುರ್ಗ ನಾರಾಯಣಪುರದ ನೀರಿಗಾಗಿ ದಶಕಗಟ್ಟಲೆ ಕಾಯಿತು. 2002ರ ನಂಜುಂಡಪ್ಪ ವರದಿಯಲ್ಲಿ ಅದು ಅತ್ಯಂತ ಹಿಂದುಳಿದ ತಾಲೂಕುಗಳ ಸಾಲಿನಲ್ಲಿದೆ.

ಆಗ ನೆನಪಾದದ್ದು ನಮ್ಮ ಸೀಮೆಯವರೇ ಆದ ಅಮರೇಶ ನುಗಡೋಣಿಯವರ 'ಸವಾರಿ' ಕತೆ. 2010ರಲ್ಲಿ ಗಿರೀಶ ಕಾಸರವಳ್ಳಿಯವರು ಅದನ್ನು 'ಕನಸೆಂಬ ಕುದುರೆಯನೇರಿ' ಎಂಬ ಚಿತ್ರವಾಗಿಸಿದರು. (ಕತೆಯ ಹೆಸರೇ ಹೆಚ್ಚು ಚೊಕ್ಕವೆಂದು ನನ್ನ ಮತ.) ಕುಣಿ ತೋಡುವವನಿಗೆ ಸಾವಿನ ಸೂಚನೆ ಕನಸಿನಲ್ಲೇ ಸಿಕ್ಕುತ್ತದೆ, ಆದರೆ ದೊಡ್ಡ ಮನೆಯವರು ಗೌಡನ ಸಾವನ್ನು ಸ್ವಾರ್ಥಕ್ಕಾಗಿ ಬಚ್ಚಿಡುತ್ತಾರೆ. ಇದನ್ನು ಬರಿಯ ನಂಬಿಕೆಯ ಕತೆಯೆಂದು ಓದಿದರೆ ಸಾಲದು. ಕೇಡು ಮೊದಲು ತಿಳಿಯುವುದು ಯಾರಿಗೆ, ಅದನ್ನು ಸಾರುವ ಅಧಿಕಾರ ಯಾರದು ಎಂಬ ಪ್ರಶ್ನೆ ಅದರ ಒಡಲಲ್ಲಿದೆ. ಮಿತ್ರರ ಕೋಷ್ಟಕಕ್ಕೆ ಆ ಪ್ರಶ್ನೆ ಇಲ್ಲ. ಅದು ಅಚ್ಚಾಗಿ ಬರುವಷ್ಟರಲ್ಲಿ ದೇವದುರ್ಗದ ಬಸ್ ನಿಲ್ದಾಣದಿಂದ ಗುಳೆ ಹೊರಟವರು ಊರು ದಾಟಿರುತ್ತಾರೆ.